ಬಲಗಡೆಯ ಮಡ್‌ಗಾರ್ಡ್

ಸಿದ್ದಲಿಂಗಯ್ಯನಿಗೆ ಹಳೆಯ ಕಾರುಗಳ ಮೇಲೆ ಎಷ್ಟು ಪ್ರೀತಿಯೋ ಅವುಗಳ ಮಾಲೀಕರ ಮೇಲೆ ಅಷ್ಟೇ ತಾತ್ಸಾರ. ಅಷ್ಟೇ ಏನು, ಒಂದು ಹಿಡಿ ಜಾಸ್ತಿಯೇ. ಐರ್ಲೆಂಡಿನ ಕಾರ್ಕ್ ಊರಿನ ಪಕ್ಕದ ಲಿಟಲ್ ಐಲ್ಯಾಂಡಿನಲ್ಲಿ, ಮಾತ್ರೆ ತಯಾರಿಸುವ ಫ್ಯಾಕ್ಟರಿಯೊಂದರ ಬೆನ್ನಿಗೆ ಅಂಟಿಕೊಂಡ ತಗಡಿನ ಶೆಡ್ಡಿನಲ್ಲಿ ಅವನು ಹದಿನಾರು ವರ್ಷದಿಂದ ಕೆಲಸ ಮಾಡುತ್ತಿದ್ದಾನೆ. ಅಲ್ಲಿಗೆ ಬರುವುದೆಲ್ಲ ಇಟಲಿಯ ಪುಟ್ಟ ಸ್ಪೋರ್ಟ್ಸ್ ಕಾರುಗಳು. ಅರವತ್ತು ಎಪ್ಪತ್ತು ವರ್ಷ ಹಳೆಯವು, ಇಬ್ಬರು ಕೂತರೆ ಮೂರನೆಯವರ ಟೋಪಿಗೂ ಜಾಗವಿಲ್ಲದಂಥವು. ಇವುಗಳ ಇಂಜಿನ್ನು ಸಂಸಾರಸ್ಥರ ಅಗ್ಗದ ಕಾರಿನದೇ. ಆ ಕಾಲಕ್ಕೆ ಅಲ್ಲಿ ಯಾವುದೋ ದೊಡ್ಡ ಕಂಪನಿಯ ಚಾಸಿ, ಗಾಲಿ, ಇಂಜಿನ್ನು ಕೊಂಡು ತಂದು, ಗಲ್ಲಿಯೊಳಗಿನ ಸಣ್ಣ ಸಣ್ಣ ಗ್ಯಾರೇಜಿನವರು ಅದರ ಮೇಲೆ ಅಲ್ಯೂಮಿನಿಯಂ ತಗಡು ಬಡಿದು ಮೈ ಕಟ್ಟುತ್ತಿದ್ದರು. ಹಾಗೆ ಮೈ ಕಟ್ಟುವ ಗ್ಯಾರೇಜಿಗೆ ಇಟಲಿಯಲ್ಲಿ ಕರೊಜ್ಜೇರಿಯಾ ಎಂದು ಗೌರವದ ಹೆಸರು. ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಅದೇ ಕೆಲಸಕ್ಕೆ ಟಿಂಕರಿಂಗ್ ಅನ್ನುತ್ತಾರೆ, ಮಾಡುವವನನ್ನು ‘ಏಯ್ ಟಿಂಕರ್’ ಎಂದು ಕರೆಯುತ್ತಾರೆ.

ಕಾರು ತರುವವರನ್ನು ನೋಡಬೇಕು ನೀವು. ಒಬ್ಬ ಹಲ್ಲಿನ ಡಾಕ್ಟರು, ಬೆರಳಿನ ಗೆಣ್ಣಿಗೆ ತೂತು ಬಿಟ್ಟ ಚರ್ಮದ ಗ್ಲೌಸು ಹಾಕಿಕೊಂಡು ಬರುತ್ತಾನೆ. ವರ್ಷಕ್ಕೆ ಅವನ ಕಾರು ಓಡುವುದು ಇಪ್ಪತ್ತು ಕಿಲೋಮೀಟರು, ಅದರಲ್ಲಿ ಹನ್ನೆರಡು ಈ ಶೆಡ್ಡಿಗೆ ಬಂದು ಹೋಗುವುದಕ್ಕೆ. ಇನ್ನೊಬ್ಬ ಕುದುರೆ ಸಾಕುವವನು, ಬಾಗಿಲಿಗೆ ಒಂದು ಗೀರು ಬಿದ್ದರೆ ಕಣ್ಣಲ್ಲಿ ನೀರು ತಂದುಕೊಳ್ಳುತ್ತಾನೆ, ಆದರೆ ಬಾನೆಟ್ಟು ಎತ್ತುವ ಕೊಂಡಿ ಎಲ್ಲಿದೆ ಅನ್ನುವುದು ಅವನಿಗೆ ಇವತ್ತಿಗೂ ಗೊತ್ತಿಲ್ಲ. ಅಲ್ಪನಿಗೆ ಐಶ್ವರ್ಯ ಬಂದರೆ ಅರ್ಧರಾತ್ರಿಯಲ್ಲಿ ಕೊಡೆ ಹಿಡಿದನಂತೆ. ಇವರು ಕೊಡೆಯ ಬದಲು ಕಾರು ಹಿಡಿದಿದ್ದರು, ಅದೂ ಮಳೆ ಬಂದರೆ ಹೊರಗೆ ತೆಗೆಯದ ಕಾರು. ಐರ್ಲೆಂಡಿನಲ್ಲಿ ಮಳೆಗೆ ತೆಗೆಯುವುದಿಲ್ಲ ಅಂದರೆ ತೆಗೆಯುವುದೇ ಇಲ್ಲ ಎಂದು ಅರ್ಥ.

ಶೆಡ್ಡಿನ ಯಜಮಾನ ಡೋನಲ್ ಅಲ್ಲಿಯವನೇ. ಇಂಜಿನ್ನು ಬಿಚ್ಚಿ ಕಟ್ಟುವುದರಲ್ಲಿ ಗಟ್ಟಿಗ, ತಗಡಿನ ವಿಷಯಕ್ಕೆ ಬಂದರೆ ಹೆಬ್ಬೆಟ್ಟು. ಅವನ ಬಾಯಲ್ಲಿ ಎಲ್ಲವೂ ‘ಗ್ರ್ಯಾಂಡ್’. ಬಿಸಿಲು ಬಂದರೆ ಗ್ರ್ಯಾಂಡ್, ಛಾವಣಿ ಸೋರಿದರೂ ಗ್ರ್ಯಾಂಡ್, ಒಮ್ಮೆ ಹೆಬ್ಬೆರಳಿನ ಉಗುರೇ ಕಿತ್ತು ಬಂದಾಗಲೂ ‘ಐಯಾಮ್ ಗ್ರ್ಯಾಂಡ್’ ಎನ್ನುತ್ತ ಬಟ್ಟೆ ಸುತ್ತಿಕೊಂಡ. ಗಿರಾಕಿಗಳ ಮುಂದೆ ಹಾವೂ ಸಾಯಬಾರದು ಕೋಲೂ ಮುರಿಯಬಾರದು ಅನ್ನುವ ಜಾಯಮಾನ. ಒಳ್ಳೆಯವನು, ಆದರೆ ಒಳ್ಳೆಯವರನ್ನು ಕಂಡರೂ ಸಿದ್ದಲಿಂಗಯ್ಯನಿಗೆ ಅಷ್ಟಕ್ಕಷ್ಟೆ.

ಇಷ್ಟು ಕೊಬ್ಬು ಎಲ್ಲಿಂದ ಬಂತು ಎಂದು ಕೇಳಬೇಡಿ, ಕಷ್ಟಪಟ್ಟು ಗಳಿಸಿದ್ದು. ಸಿದ್ದಲಿಂಗಯ್ಯ ಕಲಾಸಿಪಾಳ್ಯದ ವಠಾರದಲ್ಲಿ ಬೆಳೆದವನು. ಹತ್ತನೇ ಕ್ಲಾಸಿನಲ್ಲಿ ಗಣಿತ ಕೈಕೊಟ್ಟ ಮೇಲೆ ಜೆ.ಸಿ. ರಸ್ತೆಯ ಮೊಹಿದ್ದೀನ್ ಸಾಬರ ಗ್ಯಾರೇಜು ಸೇರಿದ. ಸಾಬರು ಮೊದಲ ಆರು ತಿಂಗಳು ಅವನ ಕೈಗೆ ಸುತ್ತಿಗೆಯನ್ನೇ ಕೊಡಲಿಲ್ಲ. ಅಂಬಾಸಿಡರ್ ಬಾಗಿಲಿನ ಮುಂದೆ ಕಣ್ಣು ಮುಚ್ಚಿ ನಿಲ್ಲಿಸಿ, ಅಂಗೈ ಆಡಿಸಿ ನೆಗ್ಗು ಎಲ್ಲಿದೆ ಹೇಳು ಅನ್ನುತ್ತಿದ್ದರು. ಉಳಿದ ಗ್ಯಾರೇಜಿನವರು ನೆಗ್ಗಿದ ಕಡೆಯೆಲ್ಲ ಗುಳಿ ತುಂಬುವ ಪಟ್ಟಿ ಎಂಬ ಲೇಪ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಕಳಿಸುತ್ತಿದ್ದಾಗ ಸಾಬರ ಶಿಷ್ಯರು ಮಾತ್ರ ತಗಡನ್ನೇ ಬಡಿದು ಬಡಿದು ಹುಟ್ಟಿದಾಗಿನ ರೂಪಕ್ಕೆ ತರಬೇಕು. ಪಟ್ಟಿ ಮೆತ್ತುವವರನ್ನು ಕಂಡರೆ ಮೂಗು ಮುರಿಯುವುದನ್ನು ಅವನು ಅಲ್ಲೇ ಕಲಿತ. ಆಮೇಲೆ ಆ ಮೂಗು ನೆಟ್ಟಗಾಗಲೇ ಇಲ್ಲ.

ಹೆಂಡತಿ ನೀಲಮ್ಮ ನರ್ಸು. ಕಾರ್ಕಿನ ಆಸ್ಪತ್ರೆಯಲ್ಲಿ ಕೆಲಸ ಸಿಕ್ಕಿ ಮೊದಲು ಬಂದವಳು ಅವಳು. ಎರಡು ವರ್ಷದ ಮೇಲೆ ಗಂಡನನ್ನು ಕರೆಸಿಕೊಂಡಳು. ಊರಿನ ನೆಂಟರು ‘ಹೆಂಡ್ತಿ ವೀಸಾದ ಮೇಲೆ ಹೋದೋನು’ ಎಂದು ಹಿಂದಿನಿಂದ ಆಡಿಕೊಂಡರು. ಅವರನ್ನೂ ಅವನು ತನ್ನ ಪಟ್ಟಿ ಮೆತ್ತುವವರ ಸಾಲಿಗೆ ಸೇರಿಸಿ ಸುಮ್ಮನಾದ.

ಇಂಥವನ ಮುಂದೆ ಅಭಿನಂದನ್ ಬಂದು ನಿಂತದ್ದು ಹೋದ ಫೆಬ್ರವರಿಯಲ್ಲಿ. ನಲವತ್ತೊಂದು ವಯಸ್ಸು, ಜಯನಗರದವನು, ಡಬ್ಲಿನ್ನಿನ ಗ್ರ್ಯಾಂಡ್ ಕೆನಾಲ್ ಡಾಕ್‌ನ ಒಂದು ಟೆಕ್ ಕಂಪನಿಯಲ್ಲಿ ಡೈರೆಕ್ಟರು. ಅಲ್ಲೇ ಕಾಲುವೆಯ ದಂಡೆಯ ಮೇಲೆ ಏಳನೇ ಮಹಡಿಯಲ್ಲಿ ಅಪಾರ್ಟ್‌ಮೆಂಟು, ಆಫೀಸಿಗೆ ಹೋಗುವುದು ಸೈಕಲ್ಲಿನಲ್ಲಿ. ಕಾರು ನಿಲ್ಲಿಸಲು ಜಾಗವೇ ಇಲ್ಲದ ಮನುಷ್ಯ ಇಟಲಿಯ ಹರಾಜಿನಲ್ಲಿ ಒಂದು ಕಾರು ಹಿಡಿದಿದ್ದ, ಅದೂ ಫೋನಿನಲ್ಲಿ ಫೋಟೋ ನೋಡಿ. ೧೯೫೩ನೇ ಇಸವಿಯದು, ಟ್ಯುರಿನ್ ನಗರದ ಗರ್ಬೇರೊ ಎಂಬ ಅಣ್ಣತಮ್ಮಂದಿರು ಮೈ ಕಟ್ಟಿದ್ದು. ಮೂಗು ಯಾವುದೋ ಗೋಡೆಗೆ ಗುದ್ದಿ ಅಪ್ಪಚ್ಚಿಯಾಗಿತ್ತು. ಅದನ್ನು ಸರಿಮಾಡಿ ಪೂರ್ತಿ ಹೊಸ ಬಣ್ಣ ಹೊಡೆಯುವುದು ಕೆಲಸ.

‘ಓ, ನೀವು ಕನ್ನಡದವ್ರಾ? ವಾವ್! ಬೆಂಗ್ಳೂರಲ್ಲಿ ಎಲ್ಲಿ?’

‘ಜೆ.ಸಿ. ರೋಡು ಸಾರ್.’

ಹೇಳಿದ ಮೇಲೆ ಸಿದ್ದಲಿಂಗಯ್ಯ ನಾಲಿಗೆ ಕಚ್ಚಿಕೊಂಡ. ಹದಿನಾರು ವರ್ಷದಲ್ಲಿ ಅವನು ಯಾರನ್ನೂ ಸಾರ್ ಅಂದಿರಲಿಲ್ಲ. ಹಲ್ಲಿನ ಡಾಕ್ಟರನ್ನು ಬ್ರೆಂಡನ್ ಎನ್ನುತ್ತಿದ್ದ, ಡೋನಲ್‌ನನ್ನು ಡೋನಲ್. ತನಗಿಂತ ಹನ್ನೆರಡು ವರ್ಷ ಚಿಕ್ಕವನೊಬ್ಬ ಜಯನಗರದ ಕನ್ನಡದಲ್ಲಿ ಎರಡು ಮಾತಾಡಿದ ಕೂಡಲೇ ಬೆನ್ನು ತಾನಾಗಿ ಬಾಗಿತ್ತು. ಈ ಸಿಟ್ಟನ್ನು ಯಾರ ಮೇಲೆ ಹಾಕಬೇಕು? ತನ್ನ ಮೇಲಂತೂ ಹಾಕಿಕೊಳ್ಳಲಾಗದು. ಅಭಿನಂದನನ ಮೇಲೆ ಹಾಕಿದ.

ಅಭಿನಂದನ್ ಮಾತ್ರ ಕಾರಿನ ಸುತ್ತ ಪ್ರದಕ್ಷಿಣೆ ಹಾಕುತ್ತ ಪಾಠ ಶುರುಮಾಡಿಕೊಂಡ. ‘ಗೊತ್ತಾ ನಿಮಗೆ, ಗರ್ಬೇರೊ ಬ್ರದರ್ಸ್ ಮಾಡಿದ್ದೇ ಒಂಬತ್ತು ಕಾರು. ಉಳ್ದಿರೋದು ಎರಡು. ಇದು ಬರೀ ಕಾರಲ್ಲ, ಸ್ಕಲ್ಪ್‌ಚರ್. ಈ ಲೈನ್ ನೋಡಿ, ಒಂದೇ ಉಸಿರಲ್ಲಿ ಎಳ್ದಂಗಿದೆ.’

ಒಂದೇ ಉಸಿರಂತೆ! ತಗಡು ಬಡಿದು ನೋಡು ಮಗನೆ, ಎಷ್ಟು ಉಸಿರು ಬೇಕು ಅಂತ ಗೊತ್ತಾಗುತ್ತೆ. ಸಿದ್ದಲಿಂಗಯ್ಯ ಇದನ್ನು ಬಾಯಿ ಬಿಟ್ಟು ಹೇಳಲಿಲ್ಲ. ‘ಹೌದು ಸಾರ್’ ಅಂದ.

ಮಾರ್ಚಿನಲ್ಲಿ ಹಳೆಯ ಬಣ್ಣವನ್ನೆಲ್ಲ ಕಿತ್ತು ಬರಿಯ ತಗಡು ಕಂಡಾಗ ಸಿದ್ದಲಿಂಗಯ್ಯನಿಗೆ ಒಂದು ವಿಷಯ ಹೊಳೆಯಿತು. ಮುಂದಿನ ಎರಡು ಮಡ್‌ಗಾರ್ಡುಗಳು ಒಂದೇ ಥರ ಇರಲಿಲ್ಲ. ಎಡಗಡೆಯದು ಅಳತೆ ಹಿಡಿದು ಏರಿ, ಅಳತೆ ಹಿಡಿದು ಇಳಿದಿತ್ತು. ಬಲಗಡೆಯದು ಚಕ್ರದ ಮೇಲೆ ಸ್ವಲ್ಪ ತಡವಾಗಿ ಏರಿ, ಬಾಗಿಲ ಹತ್ತಿರ ಬರುವಾಗ ಸೋಮಾರಿಯಂತೆ ಮೈ ಚಾಚಿತ್ತು. ದೂರದಿಂದ ತಿಳಿಯುವುದಿಲ್ಲ, ಕೈಯಾಡಿಸಿದರೆ ಮಾತ್ರ ತಿಳಿಯುತ್ತದೆ. ಅವನು ನೆಲದ ಮೇಲೆ ಮಲಗಿ, ಮಡ್‌ಗಾರ್ಡಿನ ಒಳಮೈಗೆ ಟಾರ್ಚು ಬಿಟ್ಟ. ಅಲ್ಲಿ ಎಪ್ಪತ್ತು ವರ್ಷದ ಹಿಂದಿನ ಸುತ್ತಿಗೆ ಪೆಟ್ಟುಗಳು ಹಾಗೇ ಕೂತಿದ್ದವು. ಎಡಗಡೆಯ ಪೆಟ್ಟುಗಳು ಒಂದೇ ತೂಕದವು, ಸಾಲು ಸಾಲು. ಬಲಗಡೆಯವು ಹೆಚ್ಚು ಭಾರ, ನಡುನಡುವೆ ಜಾಗ ಬಿಟ್ಟವು, ಎಲ್ಲವೂ ಎದುರು ದಿಕ್ಕಿಗೆ ವಾಲಿದವು. ಅಂದರೆ ಬಲಗಡೆಯನ್ನು ಬಡಿದವನೇ ಬೇರೆ, ಅವನು ಎಡಚ.

ಕೈಯಲ್ಲಿ ಕಟ್ಟಿದ ಕಾರುಗಳಲ್ಲಿ ಇದು ಇರುವುದೇ. ಇಬ್ಬರು ಎರಡು ಕಡೆ ನಿಂತು ಬಡಿದರೆ ಎರಡು ಕಡೆಯೂ ಅವರವರ ಹಾಗೇ ಆಗುತ್ತದೆ. ಆದರೆ ಈ ಎಡಚನ ಕೆಲಸ ಸಿದ್ದಲಿಂಗಯ್ಯನ ಬಾಯಿ ಮುಚ್ಚಿಸಿತು. ಒಂದು ಪೆಟ್ಟೂ ಅನುಮಾನದ್ದಲ್ಲ. ಅಳತೆಪಟ್ಟಿ ಮುಟ್ಟಿದವನಲ್ಲ, ಬರೀ ಕಣ್ಣಳತೆಯ ಮನುಷ್ಯ. ಎಲ್ಲಿ ನಿಲ್ಲಿಸಬೇಕೋ ಅಲ್ಲಿ ಸುತ್ತಿಗೆ ಕೆಳಗಿಟ್ಟು ಎದ್ದು ಹೋಗಿದ್ದಾನೆ. ಮೊಹಿದ್ದೀನ್ ಸಾಬರು ತೀರಿಕೊಂಡ ಮೇಲೆ ಸಿದ್ದಲಿಂಗಯ್ಯ ತಲೆಬಾಗಿದ ಮೊದಲ ಕೈ ಇದು. ಆಮೇಲಿನ ದಿನಗಳಲ್ಲಿ ಜಜ್ಜಿದ ಮೂಗನ್ನು ಹೊಸದಾಗಿ ಬಡಿಯುತ್ತ ಅವನು ಆ ಕೈಯ ಜೊತೆ ಮಾತಾಡತೊಡಗಿದ. ‘ಏನೋ ಎಡಚಣ್ಣ, ಇಲ್ಲಿ ಹೆಂಗೆ ತಿರುಗಿಸ್ತಿದ್ದೆ ನೀನು?’ ಎಂದು ಕೇಳಿ, ಮಡ್‌ಗಾರ್ಡನ್ನು ಮುಟ್ಟಿ ನೋಡಿ, ಉತ್ತರ ಸಿಕ್ಕಿದಂತೆ ತಲೆಯಾಡಿಸಿ ಬಡಿಯುತ್ತಿದ್ದ. ಆ ಬಲಗಡೆಯ ಮಡ್‌ಗಾರ್ಡಿಗೆ ಏನೂ ಆಗಬಾರದು, ಅದರ ಮೇಲೆ ಯಾರ ಸುತ್ತಿಗೆಯೂ ಬೀಳಬಾರದು. ಆ ಕಾರಿನಲ್ಲಿ ಅವನಿಗೆ ಬೇಕಾಗಿದ್ದದ್ದು ಅದೊಂದೇ.

ಏಪ್ರಿಲ್ಲಿನಲ್ಲಿ ಅಭಿನಂದನ್ ಲ್ಯಾಪ್‌ಟಾಪು ಹಿಡಿದುಕೊಂಡು ಬಂದ. ಹಿಂದಿನ ವಾರವೇ ಯಾರನ್ನೋ ಕಳಿಸಿ ಕಾರಿನ ಮೈಯೆಲ್ಲ ಲೇಸರಿನಲ್ಲಿ ಸ್ಕ್ಯಾನ್ ಮಾಡಿಸಿದ್ದ. ಪರದೆಯ ಮೇಲೆ ಕಾರು ತಿರುಗುತ್ತಿತ್ತು; ಎಡಗಡೆಯೆಲ್ಲ ಹಸಿರು, ಬಲ ಮಡ್‌ಗಾರ್ಡು ಕೆಂಪಗೆ.

‘ನೋಡಿ, ಲೆಫ್ಟ್ ಸೈಡ್ ಪರ್ಫೆಕ್ಟ್ ಆಗಿದೆ. ರೈಟ್ ಸೈಡ್ ಹನ್ನೊಂದು ಮಿಲಿಮೀಟರ್ ಔಟ್. ಯಾವಾಗ್ಲೋ ಆಕ್ಸಿಡೆಂಟ್ ಆಗಿ ಯಾರೋ ಕೆಟ್ಟದಾಗಿ ರಿಪೇರಿ ಮಾಡಿದಾರೆ. ನಾನು ಲೆಫ್ಟನ್ನೇ ಮಿರರ್ ಮಾಡಿ ಫೈಲ್ ಕಳಿಸ್ತೀನಿ, ನೀವು ಅದೇ ಥರ ಮಾಡ್ಬಿಡಿ.’

ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಸಿದ್ದಲಿಂಗಯ್ಯನ ಕಿವಿ ಬಿಸಿಯಾಯಿತು. ಆದರೆ ಇದು ಸುಮ್ಮನಿರುವ ಹೊತ್ತಲ್ಲ. ಬಾಯಿ ತೆರೆದ.

‘ಇಲ್ಲ ಸಾರ್. ಅದು ಆಕ್ಸಿಡೆಂಟ್ ಅಲ್ಲ. ಕಂಪ್ನಿಯಿಂದಲೇ ಹಂಗೆ ಬಂದಿರೋದು.’

ಅಭಿನಂದನ್ ಒಂದು ಕ್ಷಣ ಅವನ ಮುಖವನ್ನೇ ನೋಡಿದ. ಆಮೇಲೆ ನಕ್ಕ, ಹೊಟ್ಟೆ ಹಿಡಿದುಕೊಂಡು ನಕ್ಕ.

‘ಅಯ್ಯಯ್ಯೋ, ಎಷ್ಟು ವರ್ಷ ಆಗಿತ್ತು ಈ ಡೈಲಾಗ್ ಕೇಳಿ! ನಮ್ಮಪ್ಪನ ಪ್ರೀಮಿಯರ್ ಪದ್ಮಿನಿಗೆ ಡೋರ್ ಸರಿಯಾಗಿ ಹಾಕ್ಕೊಳ್ತಿರ್ಲಿಲ್ಲ. ನಿಮ್ ಜೆ.ಸಿ. ರೋಡ್‌ಗೇ ತಗೊಂಡ್ ಹೋಗಿದ್ರು. ರಿಪೇರಿ ಮಾಡಿ ಕೊಟ್ಮೇಲೆ ಎರಡು ಡೋರೂ ಹಾಕ್ಕೊಳ್ತಿರ್ಲಿಲ್ಲ. ಕೇಳಿದ್ರೆ ಇದೇ ಮಾತು! “ಕಂಪ್ನಿಯಿಂದಲೇ ಹಂಗೆ ಬಂದಿರೋದು ಸಾರ್.”’ ಕಣ್ಣೊರೆಸಿಕೊಂಡು, ಡೋನಲ್‌ನಿಗೂ ಅದನ್ನು ಇಂಗ್ಲಿಷಿನಲ್ಲಿ ವಿವರಿಸಿ ಹೇಳಿದ. ಡೋನಲ್ ಮರ್ಯಾದೆಗೆ ನಕ್ಕ.

ನಿಜ ಹೇಳಬೇಕೆಂದರೆ ಅಭಿನಂದನನ ತಪ್ಪು ಪೂರ್ತಿ ತಪ್ಪಲ್ಲ. ಬೆಂಗಳೂರಿನಲ್ಲಿ ಕಾರಿಟ್ಟುಕೊಂಡ ಪ್ರತಿಯೊಬ್ಬನೂ ಗ್ಯಾರೇಜಿನವರ ಬಾಯಿಂದ ಈ ಮಾತು ಕೇಳಿಯೇ ಇರುತ್ತಾನೆ. ಬಾಗಿಲು ಸಂದು ಬಿಟ್ಟರೂ, ಬಣ್ಣ ಹೊಂದದಿದ್ದರೂ, ಹೊಸ ಗಡಗಡ ಸದ್ದು ಶುರುವಾದರೂ ಕಂಪನಿಯ ಮೇಲೆ ಹಾಕಿ ಕೈ ತೊಳೆದುಕೊಳ್ಳುವುದು ಅಲ್ಲಿನ ಪದ್ಧತಿ. ಸಾಬರು ಇಲ್ಲದ ಹೊತ್ತಿನಲ್ಲಿ ಸಿದ್ದಲಿಂಗಯ್ಯನೂ ಐನೂರು ಸಲ ಹೇಳಿದ್ದ. ಈ ಸಲವೊಂದೇ ಅದು ನಿಜವಾಗಿತ್ತು. ಐರ್ಲೆಂಡಿನವನೋ ಜರ್ಮನಿಯವನೋ ಆಗಿದ್ದರೆ ‘ನಿನಗೆ ಹೇಗೆ ಗೊತ್ತು?’ ಎಂದು ಕೇಳುತ್ತಿದ್ದ. ಊರಿನವನಾದ್ದರಿಂದಲೇ ಇವನು ಕೇಳಲಿಲ್ಲ.

ಡೋನಲ್ ಮಾತ್ರ ಸ್ವಲ್ಪ ಅನುಮಾನಿಸಿದ. ‘ಸಿದ್, ನೀನೇನು ಹೇಳ್ತೀಯ?’ ಎಂದು ಇಂಗ್ಲಿಷಿನಲ್ಲಿ ಕೇಳಿದ. ಟಾರ್ಚು ಸಿದ್ದಲಿಂಗಯ್ಯನ ಜೇಬಿನಲ್ಲೇ ಇತ್ತು. ಇಬ್ಬರನ್ನೂ ನೆಲಕ್ಕೆ ಬಗ್ಗಿಸಿ, ಒಳಗಿನ ಪೆಟ್ಟು ತೋರಿಸಿ, ಇದು ಎಡಗೈ, ಇದು ಬಲಗೈ ಅಂದಿದ್ದರೆ ಎರಡು ನಿಮಿಷದ ಕೆಲಸ. ಆದರೆ ಅಭಿನಂದನನ ತುಟಿಯ ಮೇಲೆ ನಗು ಇನ್ನೂ ಆರಿರಲಿಲ್ಲ. ಆ ತುಟಿ ನೋಡಿ ಸಿದ್ದಲಿಂಗಯ್ಯ ಜೇಬಿಗೆ ಹೋಗಿದ್ದ ಕೈಯನ್ನು ಹೊರಗೆಳೆದುಕೊಂಡ. ಬಾಯಿಮಾತು ನಂಬದ ಈ ಬಡ್ಡೀಮಗನಿಗೆ ನಾನು ನೆಲದ ಮೇಲೆ ಮಲಗಿ ಸಾಕ್ಷಿ ಹೇಳಬೇಕೆ?

‘ಕಸ್ಟಮರ್ ಹೇಳಿದ ಹಾಗೆ,’ ಅಂದ.

‘ಗ್ರ್ಯಾಂಡ್,’ ಅಂದ ಡೋನಲ್.

ಸಂಜೆ ಊಟಕ್ಕೆ ಕೂತಾಗ ಅವನು ಇದನ್ನೆಲ್ಲ ಹೆಂಡತಿಗೆ ಹೇಳಿದ. ಹೇಳುತ್ತ ಹೇಳುತ್ತ ಅಭಿನಂದನನ ನಡಿಗೆ, ನಗು, ಲ್ಯಾಪ್‌ಟಾಪು ತೆರೆಯುವ ಶೈಲಿ ಎಲ್ಲವನ್ನೂ ಅಣಕಿಸಿ ತೋರಿಸಿದ. ಅಲ್ಲೇ ಹುಟ್ಟಿ ಬೆಳೆದ ಮಗಳು ನಿಸರ್ಗಾ ಫೋನಿನಿಂದ ಕಣ್ಣೆತ್ತದೆ, ‘ಡ್ಯಾಡ್, ಯು ಥಿಂಕ್ ಎವ್ರಿವನ್ಸ್ ಅನ್ ಈಜಿಟ್, ಲೈಕ್’ ಅಂದಳು. ಈಜಿಟ್ ಅಂದರೆ ಆ ಕಡೆಯವರ ಬಾಯಲ್ಲಿ ಪೆದ್ದ.

‘ಪೆದ್ದನ್ನ ಪೆದ್ದ ಅನ್ನದೆ ಇನ್ನೇನಮ್ಮಾ ಅನ್ಬೇಕು?’

ನೀಲಮ್ಮ ನಗಲಿಲ್ಲ. ‘ಟಾರ್ಚ್ ಬಿಟ್ಟು ತೋರಿಸ್ಬಾರ್ದಿತ್ತಾ ರೀ?’

‘ನಾನ್ಯಾಕೆ ತೋರಿಸ್ಲಿ? ಬೇಕಾದ್ರೆ ಕೇಳ್ಲಿ. ಹಾಳಾಗೋದು ಅವನ ಕಾರು ತಾನೆ? ಹಾಳು ಮಾಡ್ಕೊಳ್ಲಿ. ಇಂಥೋರಿಗೆ ಬುದ್ಧಿ ಬರ್ಬೇಕು ಅಂದ್ರೆ ಹಿಂಗೇ ಆಗ್ಬೇಕು.’

‘ಅವ್ನು ದಡ್ಡ, ಸರಿ. ಆ ಎಡಚ ನಿಮಗೇನು ಮಾಡಿದ್ದ?’

ಸಿದ್ದಲಿಂಗಯ್ಯ ಅನ್ನದಲ್ಲಿ ಗುಂಡಿ ತೋಡಿ, ‘ಸಾರು ಹಾಕು’ ಅಂದ. ನೀಲಮ್ಮ ಸಾರು ಹಾಕಿದಳು. ಆಸ್ಪತ್ರೆಯಲ್ಲಿ ದಿನವೂ ಹಟಮಾರಿ ಮುದುಕರನ್ನು ಸಂಭಾಳಿಸುವವಳು. ಯಾವಾಗ ಮಾತು ನಿಲ್ಲಿಸಬೇಕು ಅನ್ನುವುದು ಅವಳಿಗೆ ಗೊತ್ತು.

ಕೆಲಸಕ್ಕೆ ಆರು ದಿನ ಹಿಡಿಯಿತು. ಅಲ್ಯೂಮಿನಿಯಂ ತಗಡನ್ನು ಮೆತ್ತಗೆ ಮಾಡಲು ಅದರ ಮೇಲೆ ಸೋಪು ಸವರಿ ಬೆಂಕಿ ಹಿಡಿಯುತ್ತಾರೆ. ಸೋಪು ಕಂದುಬಣ್ಣಕ್ಕೆ ತಿರುಗಿದರೆ ತಗಡು ಹದಕ್ಕೆ ಬಂತೆಂದು ಅರ್ಥ, ಅದಕ್ಕಿಂತ ಒಂದು ಗಳಿಗೆ ಹೆಚ್ಚಾದರೆ ತಗಡೇ ಕರಗಿ ತೂತು ಬೀಳುತ್ತದೆ. ಸಿದ್ದಲಿಂಗಯ್ಯ ಸೋಪು ಸವರಿದ, ಬೆಂಕಿ ಹಿಡಿದ. ಮೊದಲ ದಿನ ಸುತ್ತಿಗೆ ಎತ್ತಿದವನು ಎರಡು ಸಲ ಕೆಳಗಿಟ್ಟ. ಮೂರನೆಯ ಸಲ ಅಭಿನಂದನನ ನಗುವನ್ನು ನೆನಪಿಗೆ ತಂದುಕೊಂಡು ಹೊಡೆದ. ಆಮೇಲೆ ಕಷ್ಟವಾಗಲಿಲ್ಲ. ಮೂರನೇ ದಿನಕ್ಕೆ ಚಕ್ರದ ಮೇಲಿನ ಆ ತಡವಾದ ಏರು ಹೋಯಿತು. ಐದನೇ ದಿನಕ್ಕೆ ಬಾಗಿಲ ಹತ್ತಿರದ ಮೈಚಾಚು ಹೋಯಿತು. ಒಳಮೈಯ ಹಳೆಯ ಪೆಟ್ಟುಗಳ ಮೇಲೆಲ್ಲ ಅವನ ಪೆಟ್ಟು ಕೂತವು.

ಕೆಲಸದಲ್ಲಿ ಮಾತ್ರ ಅವನು ಒಂದು ಕೂದಲೆಳೆಯಷ್ಟೂ ಮೋಸ ಮಾಡಲಿಲ್ಲ. ಬೇಕಂತಲೇ ಕೆಟ್ಟದಾಗಿ ಮಾಡಬಹುದಿತ್ತು, ಹನ್ನೊಂದನ್ನು ಐದಕ್ಕೆ ಇಳಿಸಿ ಇಷ್ಟೇ ಆಗುವುದು ಎನ್ನಬಹುದಿತ್ತು. ಹಾಗೆ ಮಾಡಿದ್ದರೆ ಎಡಚನ ಕೈಯಲ್ಲಿ ಅರ್ಧವಾದರೂ ಉಳಿಯುತ್ತಿತ್ತು. ಆದರೆ ಈ ಲ್ಯಾಪ್‌ಟಾಪಿನವನ ಮುಂದೆ ಸೋತಂತೆ ಕಾಣುವುದು ಹೇಗೆ? ಮತ್ತೆ ಸ್ಕ್ಯಾನ್ ಮಾಡಿದಾಗ ಕಾರು ಪೂರ್ತಿ ಹಸಿರಾಗಿ ಬಂತು. ಅಭಿನಂದನ್ ಅವನ ಭುಜ ತಟ್ಟಿ, ‘ಸೂಪರ್! ನೋಡಿದ್ರಾ, ಮನಸ್ಸು ಮಾಡಿದ್ರೆ ಆಗತ್ತೆ’ ಅಂದ. ಸಿದ್ದಲಿಂಗಯ್ಯ ಒಳಗೇ ಹಲ್ಲು ಕಿರಿದ. ತಗೋ, ನಿನ್ನ ಯೋಗ್ಯತೆಗೆ ತಕ್ಕ ಕಾರು. ಸಿಟ್ಟಿನಲ್ಲಿ ಕೊಯ್ದ ಮೂಗು ಸಿಟ್ಟು ಇಳಿದ ಮೇಲೆ ಬರುವುದಿಲ್ಲ ಎನ್ನುತ್ತಾರೆ. ಅವನು ಕೊಯ್ದದ್ದು ಅಭಿನಂದನನ ಮೂಗು ಎಂದೇ ನಂಬಿಕೊಂಡಿದ್ದ.

ಬೇಸಿಗೆಯಲ್ಲಿ ಕಾರಿಗೆ ಕೆಂಪು ಬಣ್ಣ ಬಿತ್ತು. ಸೆಪ್ಟೆಂಬರಿನಲ್ಲಿ ಇಟಲಿಯಿಂದ ಒಬ್ಬ ಹೆಂಗಸು ಬರುತ್ತಾರೆಂದು ಸುದ್ದಿ ಬಂತು. ಇವಾನಾ ಗರ್ಬೇರೊ ಎಂದು ಹೆಸರು, ಎಪ್ಪತ್ತೇಳು ವಯಸ್ಸು. ಅಣ್ಣತಮ್ಮಂದಿರಲ್ಲಿ ಅಣ್ಣನ ಮಗಳು. ಇದು ನಿಜವಾದ ಗರ್ಬೇರೊ ಕಾರೇ ಎಂದು ಆಕೆ ನೋಡಿ ಬರೆದುಕೊಟ್ಟರೆ ದೊಡ್ಡ ಪ್ರದರ್ಶನಗಳಿಗೆ ಅದು ಹೋಗಬಹುದು. ಇಲ್ಲವೆಂದರೆ ಬರೀ ಒಂದು ಕೆಂಪು ಕಾರು. ಅಭಿನಂದನ್ ಬಿಳಿ ಕೋಟು ಹಾಕಿಕೊಂಡು ಬೆಳಿಗ್ಗೆಯೇ ಬಂದು ನಿಂತಿದ್ದ. ಡೋನಲ್ ಶೆಡ್ಡು ಗುಡಿಸಿಟ್ಟಿದ್ದ. ಸಿದ್ದಲಿಂಗಯ್ಯ ಮೂಲೆಯ ಬೆಂಚಿನ ಮೇಲೆ ಯಾವುದೋ ಬಾಗಿಲು ಇಟ್ಟುಕೊಂಡು, ಕೆಲಸದಲ್ಲಿ ಇದ್ದವನಂತೆ ಕಾಣಿಸಿಕೊಂಡಿದ್ದ. ಈ ಡೈರೆಕ್ಟರಿನ ಮುಖ ಇಂಗು ತಿಂದ ಮಂಗನಂತಾಗುವುದನ್ನು ನೋಡಲು ಅವನು ಐದು ತಿಂಗಳಿಂದ ಕಾದಿದ್ದ.

ಆಕೆ ಕುಳ್ಳಗಿದ್ದರು, ಕಾಲಿಗೆ ಕ್ಯಾನ್ವಾಸ್ ಬೂಟು, ಕೈಯಲ್ಲಿ ಒಂದು ಬಟ್ಟೆಯ ಚೀಲ. ಲ್ಯಾಪ್‌ಟಾಪಿನ ಕಡೆ ತಿರುಗಿಯೂ ನೋಡಲಿಲ್ಲ. ಕಾರಿನ ಎಡಗಡೆಗೆ ಹೋಗಿ ಮಡ್‌ಗಾರ್ಡಿನ ಮೇಲೆ ಅಂಗೈ ಇಟ್ಟು, ಮುಂದಿನಿಂದ ಬಾಗಿಲವರೆಗೆ ಮೆಲ್ಲಗೆ ಎಳೆದರು. ಮುಖ ಅರಳಿತು.

‘ಪಿಯೆರೋ,’ ಅಂದರು. ‘ನಮ್ಮ ಚಿಕ್ಕಪ್ಪ.’ ಆಕೆಯ ಇಂಗ್ಲಿಷು ನಿಧಾನ, ಆದರೆ ಸ್ಪಷ್ಟ.

ಆಮೇಲೆ ಬಲಗಡೆಗೆ ಬಂದರು. ಬರುವಾಗಲೇ ಕೈ ಮುಂದಕ್ಕೆ ಚಾಚಿತ್ತು, ಊರಿಂದ ಬಂದವರು ಬಾಗಿಲಲ್ಲಿ ನಿಂತ ಅಪ್ಪನ ಕಡೆ ಚಾಚುವ ಹಾಗೆ. ಅಂಗೈ ಇಟ್ಟರು, ಎಳೆದರು, ಅರ್ಧಕ್ಕೆ ನಿಲ್ಲಿಸಿದರು. ಮತ್ತೆ ಮೊದಲಿಂದ ಎಳೆದರು. ಮೂರನೆಯ ಸಲಕ್ಕೆ ಕೈ ತೆಗೆದುಬಿಟ್ಟರು.

‘ಇದೂ ಪಿಯೆರೋ,’ ಅಂದರು. ‘ಎರಡೂ ಚಿಕ್ಕಪ್ಪನೇ. ಈ ಕಡೆ ನಮ್ಮಪ್ಪ ಇರಬೇಕಿತ್ತು. ನಮ್ಮಪ್ಪ ಎಲ್ಲಿ?’

ಆಕೆಯೇ ಹೇಳಿದರು. ಅಪ್ಪ ಎಡಚ, ಅದಕ್ಕೇ ಯಾವಾಗಲೂ ಬಲಗಡೆ ನಿಲ್ಲುತ್ತಿದ್ದ. ಉಳಿದ ಇನ್ನೊಂದು ಕಾರು ಅಮೆರಿಕದಲ್ಲಿದೆ; ಅದರ ಬಲಗಡೆ ಸುಟ್ಟುಹೋಗಿ ಹೊಸ ತಗಡು ಹಾಕಿದ್ದಾರೆ. ಅಪ್ಪನ ಕೈ ಉಳಿದಿದ್ದರೆ ಇದರಲ್ಲಿ ಮಾತ್ರ ಎಂದು ನಂಬಿ, ವಿಮಾನ ಹತ್ತಲು ಹೆದರುವ ತಾನು ಹತ್ತಿ ಬಂದೆ ಎಂದರು.

ಅಭಿನಂದನನ ಮುಖ ಸಿದ್ದಲಿಂಗಯ್ಯ ಬಯಸಿದ್ದ ಹಾಗೆಯೇ ಆಗಿತ್ತು. ಆದರೆ ಸಿದ್ದಲಿಂಗಯ್ಯ ಆ ಕಡೆ ನೋಡುತ್ತಿರಲಿಲ್ಲ. ಆಕೆಯ ಕೈ ಗಾಳಿಯಲ್ಲಿ ಏನು ಮಾಡಬೇಕೆಂದು ತಿಳಿಯದೆ ನಿಂತಿತ್ತು, ಅವನು ಅದನ್ನೇ ನೋಡುತ್ತಿದ್ದ. ಐದು ತಿಂಗಳು ಸವಿದುಕೊಂಡಿದ್ದ ಸೇಡು ಬಾಯಲ್ಲಿ ಹೊಲಸಾಯಿತು.

ಅಭಿನಂದನ್ ಅವನ ಕಡೆ ತಿರುಗಿ ಕನ್ನಡದಲ್ಲಿ ಸಿಡುಕಿದ. ‘ಏನ್ರೀ ಇದು? ನೀವು ಹೇಳ್ಬೇಕಿತ್ತಲ್ವಾ?’

‘ಹೇಳಿದ್ದೆ.’

‘ಅದನ್ನ ಹೇಳೋದು ಅಂತಾರಾ? ಪ್ರೂಫ್ ತೋರಿಸ್ಬೇಕಿತ್ತು.’

‘ಏನು ಮಾತಾಡುತ್ತಿದ್ದೀರಿ?’ ಇವಾನಾ ಕೇಳಿದರು. ‘ಇವರಿಗೆ ಗೊತ್ತಿತ್ತೇ?’

ಸಿದ್ದಲಿಂಗಯ್ಯನ ಇಂಗ್ಲಿಷು ಗ್ಯಾರೇಜಿನ ಕೆಲಸಕ್ಕೆ ಸಾಕು, ಇದಕ್ಕೆ ಸಾಲದು. ಬೆಂಚು ಬಿಟ್ಟು ಎದ್ದು ಬಂದು ಅಭಿನಂದನನ ಎದುರಿಗೆ ನಿಂತ. ‘ಅವ್ರಿಗೆ ಹೇಳಿ. ಬಣ್ಣ ಕಿತ್ತಾಗ್ಲೇ ನನಗೆ ಗೊತ್ತಾಗಿತ್ತು. ಎಡಗೈಯವ್ರ ಕೆಲ್ಸ ಅಂತ್ಲೂ ಗೊತ್ತಿತ್ತು. ಒಳಗಡೆ ಟಾರ್ಚ್ ಬಿಟ್ಟು ತೋರಿಸಿದ್ರೆ ನೀವು ಒಪ್ಕೊಳ್ತಿದ್ರಿ ಅಂತ್ಲೂ ಗೊತ್ತಿತ್ತು. ನಿಮ್ಮನ್ನ ಕಂಡ್ರೆ ನನಗೆ ಅಷ್ಟು ಅಸಡ್ಡೆ, ಅದಕ್ಕೇ ತೋರಿಸ್ಲಿಲ್ಲ. ಹಿಂಗೇ ಹೇಳಿ, ಒಂದು ಮಾತೂ ಬಿಡ್ಬೇಡಿ.’

ಅಭಿನಂದನನ ಮುಖ ಕೆಂಪಾಯಿತು. ಆಕೆಗೆ ಇಂಗ್ಲಿಷಿನಲ್ಲಿ ಹೇಳಿದ: ‘ಏನೋ ಮಿಸ್‌ಅಂಡರ್‌ಸ್ಟ್ಯಾಂಡಿಂಗ್ ಆಯಿತು ಎನ್ನುತ್ತಿದ್ದಾರೆ.’

‘ನೋ,’ ಅಂದ ಸಿದ್ದಲಿಂಗಯ್ಯ. ‘ನೋ ಮಿಸ್‌ಅಂಡರ್‌ಸ್ಟ್ಯಾಂಡಿಂಗ್, ಮೇಡಂ. ಲೆಫ್ಟ್ ಹ್ಯಾಂಡ್. ಬ್ಯೂಟಿಫುಲ್ ಹ್ಯಾಂಡ್. ಐ ನ್ಯೂ. ಐ ಡಿಡ್ ಇಟ್.’

ಇವಾನಾ ಅವನ ಹತ್ತಿರ ಬಂದರು. ಅವನ ಕೈಗಳನ್ನು ನೋಡಿದರು. ಬೆರಳ ಗೆಣ್ಣುಗಳು, ಹೆಬ್ಬೆರಳಿನ ಬುಡದ ದಡ್ಡು. ಎಷ್ಟು ವರ್ಷದ ಕೆಲಸ ಎಂದು ಕೇಳಿದರು. ಮೂವತ್ತೇಳು ಎಂದ. ಆಕೆ ತಲೆಯಾಡಿಸಿದರು. ಬೈದಿದ್ದರೆ, ಅತ್ತಿದ್ದರೆ ಅವನು ತಡೆದುಕೊಳ್ಳುತ್ತಿದ್ದ. ಆಕೆ ಎರಡನ್ನೂ ಮಾಡಲಿಲ್ಲ. ಗದ್ದವನ್ನು ಅಭಿನಂದನನ ಕಡೆ ಎತ್ತಿ ತೋರಿಸಿ, ನಿಧಾನವಾಗಿ, ಅವನಿಗೆ ಒಂದೊಂದು ಪದವೂ ಅರ್ಥವಾಗಲಿ ಎಂಬಂತೆ ಮಾತಾಡಿದರು.

‘ಇಂಥವರು ನಮ್ಮಪ್ಪನ ಕಾಲದಲ್ಲೂ ಇದ್ದರು. ಅವರು ಏನೇನೋ ಹೇಳುವರು, ಅಪ್ಪ ಹೂಂ ಅಂದು, ತನಗೆ ಬೇಕಾದಂತೆಯೇ ಬಡಿಯುತ್ತಿದ್ದ. ಅವರ ಕೈಯಲ್ಲಿ ನಮ್ಮಪ್ಪನ ಕೆಲಸ ಕೆಡಿಸಲು ಆಗಲಿಲ್ಲ. ಅದಕ್ಕೆ ಕೆಲಸ ಬಲ್ಲವನೇ ಬೇಕಾಯಿತು.’

ಆಕೆ ಬಟ್ಟೆಯ ಚೀಲವನ್ನು ಹೆಗಲಿಗೆ ಹಾಕಿಕೊಂಡು, ಟ್ಯಾಕ್ಸಿ ಕರೆಸಿ ಎಂದು ಡೋನಲ್‌ನಿಗೆ ಹೇಳಿದರು. ಹೊರಡುವಾಗ ಡೋನಲ್‌ನ ಕೈ ಕುಲುಕಿದರು, ಅಭಿನಂದನನ ಕೈಯನ್ನೂ ಕುಲುಕಿದರು. ಸಿದ್ದಲಿಂಗಯ್ಯ ತನ್ನ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು ಮುಂದಕ್ಕೆ ಚಾಚಿದ್ದ. ಆಕೆ ಅದನ್ನು ನೋಡಿದರು, ನೋಡಿ ಬಾಗಿಲ ಕಡೆ ನಡೆದರು.